ಈ ಭಯ ರಸ್ತೆಯಿಂದ ಬಂದದ್ದಾ, ಮನೆಯಿಂದಲಾ?

ಪ್ರಶ್ನೆ: ವಿಜಯನಗರದಲ್ಲಿದ್ದೇವೆ. ಮಗಳು ಒಂಬತ್ತನೇ ಕ್ಲಾಸು. ಟ್ಯೂಷನ್‌ಗೆ ಹತ್ತು ನಿಮಿಷದ ದಾರಿ. ಎರಡು ತಿಂಗಳಿಂದ ಒಬ್ಬಳೇ ಹೋಗಲ್ಲ, ಯಾರೋ ಎತ್ತಿಕೊಂಡು ಹೋಗ್ತಾರೆ ಅಂತ ಅಳುತ್ತಾಳೆ. ಗೆಳತಿಯರ ಗ್ರೂಪಿನಲ್ಲಿ ದಿನಾ ಅಂಥದ್ದೇ ವಿಡಿಯೊ. ರಾತ್ರಿ ಅತ್ತೆ ಕ್ರೈಂ ಕಾರ್ಯಕ್ರಮ ಹಾಕುತ್ತಾರೆ. ಅವಳು ಹೊರಗಿದ್ದರೆ ನಾನೂ ಕಾಲು ಗಂಟೆಗೊಮ್ಮೆ ಫೋನ್ ಮಾಡುತ್ತೇನೆ. ಟ್ಯೂಷನ್ ಬಿಡಿಸಲೇ?

ಉತ್ತರ: ಬಿಡಿಸಬೇಡಿ. ಮೊದಲು, ನಿಜವಾಗಿ ಏನಾದರೂ ಆಗಿದೆಯಾ ಕೇಳಿ. ಎದುರು ಕೂರಿಸಿಕೊಂಡು ವಿಚಾರಣೆ ಬೇಡ. ಜೊತೆಯಲ್ಲಿ ಅವರೆಕಾಯಿ ಸುಲಿಯುತ್ತಾ ಕೇಳಿ. ಮಕ್ಕಳಿಗೆ ಕಾಟ ಕೊಡುವವರು ಹೆಚ್ಚಾಗಿ ಪರಿಚಯದವರೇ. ಹಾಗಾಗಿ ದಾರಿಯ ಬಗ್ಗೆ ಮಾತ್ರ ಅಲ್ಲ, ಟ್ಯೂಷನ್ ಮನೆಯ ಬಗ್ಗೆಯೂ ಕೇಳಿ. ಏನಾದರೂ ಹೇಳಿದರೆ 'ನೀನ್ಯಾಕೆ ಸುಮ್ನಿದ್ದೆ' ಅನ್ನಬೇಡಿ. ಮಕ್ಕಳ ಸಹಾಯವಾಣಿ 1098, ತುರ್ತಿಗೆ 112 ಇದೆ.

ಏನೂ ಆಗಿಲ್ಲ ಅಂದರೆ, ಅವಳ ಭಯದ ಮೂಲ ನಿಮ್ಮ ಪತ್ರದಲ್ಲೇ ಇದೆ, ಅಲ್ವಾ? 1990ರ ದಶಕದಲ್ಲಿ, ರಾತ್ರಿ ಬಾಗಿಲು ತಟ್ಟುವ ದೆವ್ವ ಓದಿ ವಾಪಸ್ ಹೋಗಲಿ ಅಂತ, ಬೆಂಗಳೂರಿನ ಎಷ್ಟೋ ಬಾಗಿಲುಗಳ ಮೇಲೆ 'ನಾಳೆ ಬಾ' ಅಂತ ಬರೆದಿತ್ತು. ನಮ್ಮ ಮನೆಯಲ್ಲೂ ಸೀಮೆಸುಣ್ಣದಲ್ಲಿ ಬರೆದಿದ್ದೆವು. ದೆವ್ವ ನೋಡಿ ಅಲ್ಲ, ಪಕ್ಕದ ಮನೆ ಬಾಗಿಲು ನೋಡಿ. 2018ರ ಮೇ ತಿಂಗಳಲ್ಲಿ ಮಕ್ಕಳ ಕಳ್ಳರ ಬಗ್ಗೆ ವಾಟ್ಸ್‌ಆ್ಯಪ್‌ನಲ್ಲಿ ಹಬ್ಬಿದ ಸುಳ್ಳು ನಂಬಿ ಚಾಮರಾಜಪೇಟೆಯಲ್ಲಿ ಜನ ಒಬ್ಬ ಅಮಾಯಕನನ್ನು ಹೊಡೆದು ಕೊಂದೇಬಿಟ್ಟರು. ದೊಡ್ಡವರೇ ಹೀಗೆ ನಂಬಿದ ಮೇಲೆ ಈ ವಯಸ್ಸಿನ ಹುಡುಗಿ ಏನು ಮಾಡಿಯಾಳು?

ಫೋನ್ ಕಿತ್ತುಕೊಳ್ಳಬೇಡಿ. ಗೆಳತಿಯರನ್ನು ಕಳೆದುಕೊಂಡರೆ ಭಯ ಇನ್ನೂ ಜಾಸ್ತಿ ಆಗುತ್ತದೆ. ಒಂದು ವಿಡಿಯೊ ಜೊತೆಗೆ ಕೂತು ನೋಡಿ. ಯಾವ ಊರು, ಯಾವ ವರ್ಷದ್ದು, ಯಾರು ಹೇಳಿದ್ದು ಅಂತ ಅವಳಿಂದಲೇ ಹುಡುಕಿಸಿ. ಉತ್ತರ ಸಿಕ್ಕರೆ ಅವಳೇ ಗ್ರೂಪಿಗೆ ಹಾಕಲಿ. ಅತ್ತೆಯವರಿಗೆ ನಯವಾಗಿ ಹೇಳಿ, ಅವಳು ಮಲಗಿದ ಮೇಲೆ ಟೀವಿ ಹಾಕಿಕೊಳ್ಳಲಿ.

ಕಷ್ಟದ ಕೆಲಸ ನಿಮ್ಮದೇ. ನಿಮ್ಮ ಫೋನ್ ಬಂದಾಗಲೆಲ್ಲ ಅವಳಿಗೆ ಕೇಳಿಸುವುದು 'ಅಪಾಯ ಇದೆ' ಅಂತಲೇ. ತಲುಪಿದಾಗ ಒಂದು, ಹೊರಟಾಗ ಒಂದು, ಅದೂ ಅವಳೇ ಮಾಡಲಿ. ಒಂದು ವಾರ ಜೊತೆಗೆ ನಡೆಯಿರಿ. ಹೂವಿನವರ ಹತ್ತಿರ, ಮೆಡಿಕಲ್ ಶಾಪಿನವರ ಹತ್ತಿರ ನಿಂತು ಮಾತಾಡಿಸಿ. ದಾರಿಯಲ್ಲಿ ಗುರುತಿನ ಮುಖ ಇರಲಿ. ಆಮೇಲೆ ಅರ್ಧ ದಾರಿಗೆ ನಿಂತುಬಿಡಿ.

ಇಷ್ಟಾದರೂ ನಿದ್ದೆ, ಊಟ ಕೆಟ್ಟರೆ 14416ಕ್ಕೆ ಕರೆ ಮಾಡಿ. ಅದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, ಹಣ ಕೊಡಬೇಕಿಲ್ಲ.

ಒಬ್ಬಳೇ ಹೋಗಿ ಬಂದ ದಿನ 'ಏನೂ ಆಗಲಿಲ್ಲ ತಾನೆ?' ಅಂತ ಬಾಗಿಲಲ್ಲೇ ಕೇಳಬೇಡಿ. 'ಇವತ್ತು ಏನು ಪಾಠ ಮಾಡಿದ್ರು?' ಅನ್ನಿ.