ಹಾಳೆಯ ಗೆರೆ ತಾಮ್ರಕ್ಕೆ ಯಾಕೆ ಇಳಿಯಲಿಲ್ಲ?

ಪ್ರಶ್ನೆ: ನಮಸ್ಕಾರ ಮಾಷ್ಟ್ರೇ. ನನ್ನ ಮನೆ ಬದಿಯಡ್ಕದ ಹತ್ತಿರ. ಆಭರಣ ವಿನ್ಯಾಸ ಕಲಿಯುತ್ತಿದ್ದೇನೆ, ಎರಡನೇ ವರ್ಷ. ಈ ಸಲದ ಪ್ರಾಜೆಕ್ಟು ‘ನಿಮ್ಮ ಊರು’. ಯಕ್ಷಗಾನದ ಕಿರೀಟ, ಬೇಕಲ ಕೋಟೆ, ಅಡಿಕೆ ಮರ ಅಂತ 40 ಪುಟ ಚಿತ್ರ ಬಿಡಿಸಿದೆ. ಟೀಚರ್ ಎಲ್ಲ ಮಗುಚಿ ನೋಡಿ, ‘ಚಿತ್ರ ಚೆನ್ನಾಗಿದೆ, ಪ್ರಯೋಗ ಎಲ್ಲಿ?’ ಅಂದರು. ಆಮೇಲೆ ಮೂರು ಪ್ರಯೋಗ ಮಾಡಿದೆ, ಮೂರೂ ಕೆಟ್ಟವು. ಒಣಗಿದ ಅಡಿಕೆ ಹಾಳೆಯನ್ನು ತಾಮ್ರದ ತಗಡಿನ ಜೊತೆ ರೋಲಿಂಗ್ ಮಿಲ್ಲಿಗೆ, ಅಂದರೆ ಎರಡು ಉಕ್ಕಿನ ರೋಲರಿನ ನಡುವೆ ಒತ್ತುವ ಯಂತ್ರಕ್ಕೆ, ಕೊಟ್ಟೆ. ಗೆರೆ ಮಸುಕಾಗಿ ಬಂತು, ಎರಡನೇ ಸಲ ಕೊಟ್ಟಾಗ ಅಂಚು ಬಿರಿಯಿತು. ಮಳೆಗಾಲದ ಆಟಿ ತಿಂಗಳಲ್ಲಿ ಕಣ್ವತೀರ್ಥದ ಕಡಲ ಬದಿಯಲ್ಲಿ ಹೆಕ್ಕಿದ ಸಮುದ್ರ ನೊರೆಯನ್ನು ಒಂದು ದಿನ ಒಣಗಿಸಿ, ಕೆತ್ತಿ, ಬೆಳ್ಳಿ ಎರಕ ಹೊಯ್ದೆ. ಬೆಳ್ಳಿ ಸಿಡಿದು ಹೊರಗೆ ಬಂತು. ಬೆಸುಗೆ ಅಂತೂ ಓಡಲೇ ಇಲ್ಲ, ಉಂಡೆಯಾಗಿ ಕೂತಿತು. ಈ ಕೆಲಸ ನನಗೆ ಹೇಳಿದ್ದಲ್ಲವೇನೋ ಅನ್ನಿಸುತ್ತಿದೆ.

ಉತ್ತರ: ಮೂರೂ ಕೆಟ್ಟವು ಅಂತ ಬರೆದಿರಿ, ಹೇಗೆ ಕೆಟ್ಟವು ಅಂತಲೂ ಬರೆದಿರಿ. ಟೀಚರ್ ಕೇಳಿದ್ದು ಆ ಎರಡನೆಯದನ್ನೇ ಮಾರಾಯ್ರೆ. ಬಿರಿದ ತಗಡು, ಸಿಡಿದ ಬೆಳ್ಳಿ, ಉಂಡೆಯಾದ ಬೆಸುಗೆ ಯಾವುದನ್ನೂ ಬಿಸಾಡಿಲ್ಲ ತಾನೇ? ಬಿಸಾಡಿದ್ದರೆ ಈಗಲೇ ಹೋಗಿ ಹೆಕ್ಕಿ ತನ್ನಿ.

ಮೊದಲು ಹಾಳೆ. ನಿಮ್ಮ ಪತ್ರದಲ್ಲಿ ತಗಡು ಕಾಯಿಸಿದ ಮಾತೇ ಇಲ್ಲ. ಅಂಗಡಿಯಿಂದ ತಂದ ತಗಡು ಹೆಚ್ಚಾಗಿ ಗಟ್ಟಿಯೇ ಇರುತ್ತದೆ, ಅದೂ ರೋಲರಿನಡಿ ಒತ್ತಿಸಿಕೊಂಡೇ ತಗಡಾದದ್ದಲ್ವಾ. ಒತ್ತಿದಷ್ಟೂ ಬಡಿದಷ್ಟೂ ಲೋಹದೊಳಗಿನ ಕಣ್ಣಿಗೆ ಕಾಣದಷ್ಟು ಸಣ್ಣ ಹರಳುಗಳು ಬಿಗಿದುಕೊಳ್ಳುತ್ತವೆ, ಜಾರಲು ಜಾಗ ಸಿಗುವುದಿಲ್ಲ. ಅಂಥ ತಗಡಿಗೆ ಹಾಳೆಯ ನಾರು ಇಳಿಯುವುದಾದರೂ ಹೇಗೆ? ಮತ್ತೆ ಒತ್ತಿದಿರಿ, ಬಿರಿಯಿತು. ಕಾಯಿಸಿದರೆ ಹಳೆ ಹರಳುಗಳ ಜಾಗದಲ್ಲಿ ಹೊಸ ಹರಳು ಹುಟ್ಟುತ್ತದೆ, ಲೋಹ ಮೆದುವಾಗುತ್ತದೆ.

ಎಷ್ಟು ಕಾಯಿಸಬೇಕು? ಮಂದ ಕೆಂಪು ಬರುವಷ್ಟು, ಸುಮಾರು 600 ಡಿಗ್ರಿ ಸೆಲ್ಸಿಯಸ್. ಕೋಣೆಯಲ್ಲಿ ಬೆಳಕಿದ್ದರೆ ಆ ಕೆಂಪು ಕಾಣುವುದಿಲ್ಲ, ಅದೇ ಕಷ್ಟ. ನಮ್ಮಜ್ಜ ಊದುಗೊಳವೆ ಹಿಡಿದು ಕೂರುವ ಮೊದಲು ಕಿಟಕಿಗೆ ಗೋಣಿ ಕಟ್ಟುತ್ತಿದ್ದರು. ನಾವು ಮಕ್ಕಳು ಅದು ಬೇರೆಯವರು ಕೆಲಸ ಕದಿಯಬಾರದು ಅಂತ ಅಂದುಕೊಂಡಿದ್ದೆವು. ಬಣ್ಣ ಕಾಣಲಿ ಅಂತ ಅಷ್ಟೇ. ನಿಮ್ಮ ಸ್ಟುಡಿಯೋದಲ್ಲಿ ಟ್ಯೂಬ್‌ಲೈಟ್ ಆರಿಸಿದರೆ ಸಾಕು. ಇನ್ನೊಂದು ಉಪಾಯ ಇದೆ. ತಗಡಿನ ಮೇಲೆ ಪರ್ಮನೆಂಟ್ ಮಾರ್ಕರಿನಲ್ಲಿ ಒಂದು ಗೆರೆ ಎಳೆದು ಅಡಿಯಿಂದ ಕಾಯಿಸಿ, ಗೆರೆ ಮಾಯವಾಗುವ ಹೊತ್ತಿಗೆ ಹದ ಹತ್ತಿರ ಬಂದಿರುತ್ತದೆ. ಕೆಂಪು ಇಳಿದ ಕೂಡಲೇ ನೀರಿಗೆ ಹಾಕಿ. ನೀರಿಗೆ ಹಾಕಿದರೆ ಗಟ್ಟಿಯಾಗುತ್ತದಲ್ವಾ ಅಂತ ತುಂಬ ಮಂದಿ ಕೇಳುತ್ತಾರೆ, ಅದು ಕಮ್ಮಾರನ ಉಕ್ಕಿನ ಲೆಕ್ಕ. ತಾಮ್ರ ನೀರಿಗೆ ಬಿದ್ದರೂ ಮೆದುವೇ. 92.5 ಬೆಳ್ಳಿಯನ್ನು, ಅಂದರೆ ನೂರಕ್ಕೆ 92.5 ಪಾಲು ಬೆಳ್ಳಿ ಇರುವ ಮಿಶ್ರಣವನ್ನು, ನಿಧಾನಕ್ಕೆ ಆರಲು ಬಿಟ್ಟರೇ ಸ್ವಲ್ಪ ಗಟ್ಟಿಯಾಗುತ್ತದೆ.

ಈಗ ಮತ್ತೆ ಮಾಡಿ, ಆದರೆ ಒಂದೇ ತಗಡಿನಲ್ಲಿ ಅಲ್ಲ. ಒಂದು ಮಿಲಿಮೀಟರ್ ದಪ್ಪದ ತಾಮ್ರದಲ್ಲಿ 3 ಸೆಂಟಿಮೀಟರಿನ ಆರು ಚೌಕ ಕತ್ತರಿಸಿ. ಒಂದು ಕಾಯಿಸದ್ದು, ಒಂದು ಕಾಯಿಸಿದ್ದು. ಒಂದಕ್ಕೆ ಹಾಳೆಯ ಹೊರಮೈ, ಅಲ್ಲಿ ನಾರು ಎದ್ದು ಕಾಣುತ್ತದೆ, ಇನ್ನೊಂದಕ್ಕೆ ನಯವಾದ ಒಳಮೈ. ಇನ್ನೆರಡಕ್ಕೆ ರೋಲರಿನ ಬಿಗಿ ಮಾತ್ರ ಬದಲಿಸಿ. ಒಂದು ಸಲಕ್ಕೆ ಒಂದೇ ಸಂಗತಿ ಬದಲಾಗಬೇಕು, ಇಲ್ಲದಿದ್ದರೆ ಯಾವುದರಿಂದ ಏನಾಯಿತು ಅಂತ ದೇವರಿಗೂ ಗೊತ್ತಾಗುವುದಿಲ್ಲ. ಹಾಳೆ ಎರಡು ತಗಡಿನ ನಡುವೆ ಇರಲಿ, ಗರಿಗರಿ ಒಣಗಿರಲಿ, ಪಸೆ ಇದ್ದರೆ ಉಕ್ಕಿನ ರೋಲರಿಗೆ ತುಕ್ಕು ಹಿಡಿದು ಕಾಲೇಜಿನವರು ನಿಮ್ಮನ್ನು ಹುಡುಕಿಕೊಂಡು ಬರುತ್ತಾರೆ. ಒಂದೇ ಸಲ ಹಾಯಿಸಿ. ಎರಡನೇ ಸಲ ಹಾಕಿದರೆ ಗೆರೆ ಮೇಲೆ ಗೆರೆ ಕೂತು ಚಿತ್ರ ಕಲಸಿಹೋಗುತ್ತದೆ. ಪ್ರತಿ ಚೌಕದ ಮೂಲೆಗೊಂದು ತೂತು ಕೊರೆದು, ದಾರ ಕಟ್ಟಿ, ಏನು ಮಾಡಿದ್ದು ಅಂತ ಚೀಟಿ ಸಿಕ್ಕಿಸಿ. ಆ ಗೊಂಚಲನ್ನು ಟೀಚರ್ ಮೇಜಿನ ಮೇಲಿಡಿ, 40 ಪುಟ ಅವರು ಆಮೇಲೆ ನೋಡಿಕೊಳ್ಳಲಿ.

ಸಮುದ್ರ ನೊರೆಯ ವಿಷಯ ಓದಿ ನನಗೆ ಖುಷಿ, ಹೆದರಿಕೆ ಎರಡೂ ಆಯಿತು. ಗೊತ್ತಿಲ್ಲದವರಿಗೆ ಹೇಳುತ್ತೇನೆ, ಇದು ನೊರೆಯಲ್ಲ. ನಮ್ಮ ಬೊಂಡಾಸಿನ (ಸ್ಕ್ವಿಡ್) ಬಳಗದ ಒಂದು ಕಡಲ ಜೀವಿಯ ಬೆನ್ನೊಳಗೆ ಇರುವ ಬಿಳಿ ಚಿಪ್ಪು. ಪಂಜರದ ಹಕ್ಕಿಗಳಿಗೆ ಕೊಕ್ಕು ತಿಕ್ಕಲು ನೇತುಹಾಕುತ್ತಾರಲ್ಲ, ಅದೇ. ಒಂದು ಮೈ ಗಟ್ಟಿ, ಇನ್ನೊಂದು ಮೈ ಉಗುರಿನಲ್ಲಿ ಗೀರಿದರೂ ಪುಡಿಯಾಗುವಷ್ಟು ಮೆತ್ತಗೆ, ಆದರೂ ಕರಗಿದ ಬೆಳ್ಳಿಯನ್ನು ತಡೆದುಕೊಳ್ಳುತ್ತದೆ. ಆದರೆ ಆಟಿಯ ಮಳೆಯಲ್ಲಿ ಹೆಕ್ಕಿದ್ದಕ್ಕೆ ಒಂದು ದಿನದ ಬಿಸಿಲು ಸಾಕಾಗುವುದಿಲ್ಲ. ಅದರ ಒಳಗೆ ಪದರ ಪದರವಾಗಿ ಸಣ್ಣ ಕೋಣೆಗಳಿವೆ, ನೀರು ಅಲ್ಲಿ ಅಡಗಿ ಕೂರುತ್ತದೆ. 900 ಡಿಗ್ರಿ ದಾಟಿದ ಬೆಳ್ಳಿ ಅದಕ್ಕೆ ತಾಗಿದರೆ ನೀರು ಒಮ್ಮೆಲೇ ಆವಿಯಾಗಿ ಬೆಳ್ಳಿಯನ್ನು ಮೇಲಕ್ಕೆ ಎಸೆಯುತ್ತದೆ. ನಿಮ್ಮ ಕಣ್ಣಿಗೆ ಬೀಳಲಿಲ್ಲವಲ್ಲ, ಪುಣ್ಯ. ಇನ್ನು ಮೇಲೆ ಕನ್ನಡಕ, ಚರ್ಮದ ಏಪ್ರನ್, ಮುಚ್ಚಿದ ಚಪ್ಪಲಿ ಇಲ್ಲದೆ ಮೂಸೆ ಎತ್ತಬೇಡಿ. ಸಿಮೆಂಟು ನೆಲದ ಮೇಲೂ ಬೇಡ, ಬಿಸಿ ಲೋಹ ಚೆಲ್ಲಿದರೆ ಅದರಲ್ಲಿರುವ ಪಸೆಯೂ ಸಿಡಿಯುತ್ತದೆ. ಒಣ ಮರಳಿನ ಅಗಲ ತಟ್ಟೆಯೊಳಗೆ ಅಚ್ಚು ನಿಲ್ಲಿಸಿ.

ಚಿಪ್ಪನ್ನು ಅಡಿಗೆ ಮನೆಯ ಅಟ್ಟದಲ್ಲಿ ಕೆಲವು ವಾರ ಇಡಿ. ಆಮೇಲೆ ಎರಡು ಚಿಪ್ಪುಗಳ ಮೆತ್ತನೆ ಮೈಯನ್ನು ಒಂದಕ್ಕೊಂದು ತಿಕ್ಕಿ, ನಡುವೆ ಬೆಳಕು ತೂರದಷ್ಟು ಸಪಾಟು ಬರಲಿ. ಪುಡಿ ಮೂಗಿಗೆ ಹೋಗದಂತೆ ಮಾಸ್ಕ್ ಹಾಕಿ. ಈಗ ಮೆತ್ತನೆ ಬ್ರಷ್ಷಿನಲ್ಲಿ ಒಂದೇ ದಿಕ್ಕಿಗೆ ಮೆಲ್ಲ ಉಜ್ಜಿ ನೋಡಿ. ಮೆದು ಭಾಗ ಉದುರಿ, ಗಟ್ಟಿ ಪದರದ ಅಂಚು ಮಾತ್ರ ಉಳಿದು, ಇಳಿತದ ಹೊತ್ತಿನಲ್ಲಿ ಮರಳಿನ ಮೇಲೆ ಅಲೆ ಬಿಟ್ಟುಹೋದ ಗೆರೆಯ ಹಾಗೆ ಕಾಣುತ್ತದೆ. ಬೆಳ್ಳಿ ಆ ಗೆರೆಯನ್ನು ಕೂದಲೆಳೆಯಷ್ಟೂ ಬಿಡದೆ ಹಿಡಿಯುತ್ತದೆ. ನಿಮ್ಮ ಊರು ಬೇಕು ಅಂದರಲ್ಲ, ಇಲ್ಲಿ ಕಡಲೇ ಚಿತ್ರ ಬಿಡಿಸಿ ಕೊಟ್ಟಿದೆ, ಅದರ ಮೇಲೆ ನೀವು ಕೋಟೆ ಕೆತ್ತುವುದು ಬೇಡ.

ಎಷ್ಟು ಬೆಳ್ಳಿ ಬೇಕು ಅಂತ ಊಹೆ ಮಾಡಬೇಡಿ. ಮೇಣದಲ್ಲಿ ಮಾದರಿ ಮಾಡಿ, ಅಳತೆಯ ಲೋಟದ ನೀರಿನಲ್ಲಿ ಸೂಜಿಯಿಂದ ಒತ್ತಿ ಮುಳುಗಿಸಿ. ನೀರು ಎಷ್ಟು ಮಿಲಿಲೀಟರ್ ಏರಿತೋ ಅದನ್ನು 10.4ರಿಂದ ಗುಣಿಸಿದರೆ 92.5 ಬೆಳ್ಳಿಯ ಗ್ರಾಮ್ ಸಿಗುತ್ತದೆ. ಹೊಯ್ಯುವ ಬಾಯಿಗೆ ಅಂತ ಇನ್ನಷ್ಟು ಸೇರಿಸಿ. ಹೊಯ್ದಾಗ ಕೂದಲು ಸುಟ್ಟ ನಾತ ಬರುತ್ತದೆ, ಗಾಬರಿ ಬೇಡ. ಅಚ್ಚು ಒಳಗೆ ಕರಿದಾಗಿ ಹಾಳಾಗುತ್ತದೆ, ಒಂದಕ್ಕೆ ಒಂದೇ ಒಡವೆ.

ಬೆಸುಗೆಯದ್ದು ಎಲ್ಲರ ಕಥೆ. ಬೆಂಕಿಯನ್ನು ಬೆಸುಗೆಯ ತುಣುಕಿಗೇ ಹಿಡಿದಿರಿ, ಸುತ್ತಲಿನ ಲೋಹ ತಣ್ಣಗೇ ಉಳಿಯಿತು. ಬೆಸುಗೆ ಬಿಸಿ ಇರುವ ಕಡೆಗೆ ಓಡುತ್ತದೆ. ಇಡೀ ಒಡವೆಯನ್ನು ಕಾಯಿಸಿ, ಜೋಡಣೆ ತಾನಾಗಿ ಅದನ್ನು ಎಳೆದುಕೊಳ್ಳಲಿ. ಎರಡು ಅಂಚು ಸರಿಯಾಗಿ ತಾಗಿರಬೇಕು, ಸಂದು ತುಂಬುವ ಕೆಲಸ ಬೆಸುಗೆಗೆ ಬರುವುದಿಲ್ಲ. ಕೈಯ ಎಣ್ಣೆ ಜಿಡ್ಡು ಇರಬಾರದು, ಬಿಳಿಗಾರ (ಬೋರಾಕ್ಸ್) ಹಚ್ಚಿರಬೇಕು. ಕಾಸರಗೋಡು ಪೇಟೆಯಲ್ಲಿ ಬಿಳಿಗಾರ ಅಂದರೆ ತಿಳಿಯದಿದ್ದರೆ ಪೊನ್‌ಕಾರಂ ಅನ್ನಿ, ಕೊಡುತ್ತಾರೆ.

ಕಿರೀಟದ ಚಿತ್ರಗಳ ಬಗ್ಗೆ ಒಂದು ಮಾತು. ಯಕ್ಷಗಾನದ ಕಿರೀಟವನ್ನು ಸಣ್ಣದು ಮಾಡಿ ಬೆಳ್ಳಿಯ ಜುಮುಕಿ ಮಾಡಿದರೆ ಅದು ನೆನಪಿನ ಕಾಣಿಕೆ ಅಂಗಡಿಯ ಸಾಮಾನು ಆಗುತ್ತದೆ. ಸಾಧ್ಯವಾದರೆ ವೇಷ ಕಟ್ಟುವ ಒಂದು ಚೌಕಿಗೆ ಹೋಗಿ, ಹೆಗಲಿನ ಆಭರಣವಾದ ಭುಜಕೀರ್ತಿಯನ್ನು ಕೈಯಲ್ಲಿ ಹಿಡಿಯಿರಿ. ದೂರದಿಂದ ಚಿನ್ನದ ಗಟ್ಟಿ ಕಂಡದ್ದು ಕೈಗೆ ಬಂದರೆ ಹಗುರ ಮರ, ಮೇಲೆ ಬೇಗಡೆ. ಯಾಕೆ? ಅದನ್ನು ಕಟ್ಟಿಕೊಂಡು ಬೆಳಗಿನವರೆಗೆ ಕುಣಿಯಬೇಕಲ್ಲ. ಭೂತ ಕಟ್ಟುವವರು ಕಾಲಿಗೆ ಹಾಕುವ ಗಗ್ಗರ ನೋಡಿ, ಒಳಗೆ ಟೊಳ್ಳು, ಅದರಲ್ಲಿ ಗುಂಡು, ಹೆಜ್ಜೆ ಹಾಕಿದರೆ ಸದ್ದು ಬರಲಿ ಅಂತಲೇ ಆ ಆಕಾರ. ನಿಮ್ಮ ಜುಮುಕಿಯನ್ನೂ ಇಂಥ ಪ್ರಶ್ನೆಯಿಂದ ಶುರು ಮಾಡಬಹುದು. ಕಿವಿಗೆ ಒಂದು ಪವನಿಗಿಂತ, ಅಂದರೆ 8 ಗ್ರಾಮಿಗಿಂತ, ಜಾಸ್ತಿ ಭಾರ ಬೇಡ ಅಂತ ನನ್ನ ಲೆಕ್ಕ. ಅಷ್ಟರಲ್ಲಿ ಎಷ್ಟು ದೊಡ್ಡದು ಮಾಡಬಹುದು? ಟೊಳ್ಳು ಮಾಡಿದರೆ ಏನು ಸದ್ದು ಬರುತ್ತದೆ? ತಾಮ್ರದಲ್ಲಿ ಮಾಡಿ ನೋಡಿ, ದುಡ್ಡಿನ ಚಿಂತೆಯೂ ಇಲ್ಲ. ಚಿತ್ರ ಆಮೇಲೆ ಬಿಡಿಸಿ.

ಪ್ರಶ್ನೆ: ನಾವು ಉಪ್ಪಳದವರು. ಮಗ ಒಡವೆ ಕೆಲಸ ಕಲಿಯುತ್ತಿದ್ದಾನೆ, ರಜೆಯಲ್ಲಿ ಮನೆಯ ಹಿಂದಿನ ಕೋಣೆಯಲ್ಲಿ ಅಜ್ಜನ ಪೆಟ್ಟಿಗೆಯ ಹಳೆ ಬೆಸುಗೆ ಬಳಸುತ್ತಾನೆ. ಮೊನ್ನೆ ಸಂಜೆ ಚಳಿಜ್ವರ, ಎದೆ ಬಿಗಿತ ಅಂದ. ಹೊಗೆಯಿಂದ ಇರಬಹುದಾ? ಆಸಿಡ್ ಸಹ ಮನೆಯಲ್ಲಿದೆ, ಹೆದರಿಕೆ.

ಉತ್ತರ: ಅಮ್ಮ, ಮೊದಲು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ, ಲೋಹದ ಹೊಗೆ ಕುಡಿದಿದ್ದಾನೆ ಅಂತ ಸ್ಪಷ್ಟವಾಗಿ ಹೇಳಿ. ಹಿತ್ತಾಳೆ ಜಾಸ್ತಿ ಕಾಯಿಸಿದರೆ ಸತುವಿನ ಹೊಗೆಯಿಂದ ಹೀಗೆ ಜ್ವರ ಬರುವುದುಂಟು, ಅದು ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಇಳಿಯುತ್ತದೆ. ನನ್ನ ಹೆದರಿಕೆ ಬೇರೆ. ಹೆಸರು ಚೀಟಿ ಇಲ್ಲದ ಹಳೆ ಬೆಸುಗೆಯಲ್ಲಿ ಕ್ಯಾಡ್ಮಿಯಂ ಇರಬಹುದು. ಕೆಡಿಎಂ ಚಿನ್ನ ಅಂತ ಅಂಗಡಿಯಲ್ಲಿ ಹೇಳುತ್ತಿದ್ದರಲ್ಲ, ಆ ಕೆಡಿಎಂ ಇದೇ. 767 ಡಿಗ್ರಿಗೆ ಕುದಿಯುತ್ತದೆ, ಟಾರ್ಚಿನ ಬೆಂಕಿಗೆ ಅದು ಏನೂ ಅಲ್ಲ. ಆ ಹೊಗೆ ಶ್ವಾಸಕೋಶವನ್ನೇ ಹಾಳು ಮಾಡುತ್ತದೆ, ತೊಂದರೆ ಗೊತ್ತಾಗುವುದು ಕೆಲವು ಗಂಟೆ ಕಳೆದ ಮೇಲೆ. ಆ ಪೆಟ್ಟಿಗೆಯ ಬೆಸುಗೆ ಇನ್ನು ಬೆಂಕಿಗೆ ಹೋಗಬಾರದು. ಅಜ್ಜನದ್ದು ಅಂತ ಪ್ರೀತಿ ಇದ್ದರೆ ಚಿಮಟ, ಸುತ್ತಿಗೆ ಇಟ್ಟುಕೊಳ್ಳಲಿ. ಕ್ಯಾಡ್ಮಿಯಂ ಇಲ್ಲದ್ದು ಅಂತ ಬರೆದಿರುವ ಬೆಸುಗೆ ಕೊಳ್ಳಲಿ, ಹೊಗೆ ಹೊರಗೆ ಎಳೆಯುವ ಫ್ಯಾನು ಹಾಕಿಸಲಿ.

ಆಸಿಡ್ ಮನೆಯಲ್ಲಿ ಬೇಡವೇ ಬೇಡ. ಕಾಯಿಸಿದ ತಾಮ್ರದ ಕರಿ ತೆಗೆಯಲು ಬಿಸಿ ನೀರಿಗೆ ಸಿಟ್ರಿಕ್ ಆಸಿಡ್ ಪುಡಿ, ನಿಂಬೆಉಪ್ಪು ಅಂತ ದಿನಸಿ ಅಂಗಡಿಯಲ್ಲಿ ಕೊಡುತ್ತಾರಲ್ಲ, ಅದು ಸಾಕು. ನಮ್ಮಲ್ಲಿ ಬಿಂಬುಳಿ ಅನ್ನುವ ಹುಳಿ ಕಾಯಿಯಲ್ಲಿ ತಿಕ್ಕಿ ಕಂಚು ಹಿತ್ತಾಳೆ ಬೆಳಗುವುದೂ ಇಂಥದ್ದೇ ಕೆಲಸ, ಸ್ವಲ್ಪ ನಿಧಾನ ಅಷ್ಟೇ. ಅದಕ್ಕೆ ಬಳಸಿದ ಪಾತ್ರೆ ಮತ್ತೆ ಒಲೆ ಮೇಲೆ ಬರಬಾರದು. ಕಬ್ಬಿಣದ ಚಿಮಟ ಆ ನೀರಿಗೆ ಅದ್ದಬಾರದು, ಅದ್ದಿದರೆ ಬೆಳ್ಳಿಯ ಮೇಲೆ ತಾಮ್ರದ ಕೆಂಪು ಲೇಪ ಕೂರುತ್ತದೆ.

ಪ್ರಶ್ನೆ: ಬೆಳ್ಳಿಯನ್ನು ಕಪ್ಪು ಮಾಡುವ ಮದ್ದು ಪೆರ್ಲದಲ್ಲಿ ಸಿಗುವುದಿಲ್ಲ. ಬೇರೆ ದಾರಿ ಇದೆಯಾ?

ಉತ್ತರ: ಕೋಳಿಮೊಟ್ಟೆ. ಗಟ್ಟಿಯಾಗಿ ಬೇಯಿಸಿ, ಬಿಸಿ ಇರುವಾಗಲೇ ಪುಡಿ ಮಾಡಿ ಡಬ್ಬಿಗೆ ಹಾಕಿ, ಮೊಟ್ಟೆ ತಾಗದ ಹಾಗೆ ಒಡವೆ ಇಟ್ಟು ಮುಚ್ಚಳ ಮುಚ್ಚಿ. ಮೊಟ್ಟೆಯಿಂದ ಬರುವ ಗಂಧಕದ ಆವಿ ಬೆಳ್ಳಿಯನ್ನು ಮೊದಲು ಹಳದಿ, ಆಮೇಲೆ ಕಂದು, ರಾತ್ರಿ ಕಳೆಯುವಷ್ಟರಲ್ಲಿ ಕರಿ ಮಾಡುತ್ತದೆ. ನಡುವಿನ ಬಣ್ಣ ಇಷ್ಟವಾದರೆ ಅಲ್ಲೇ ತೆಗೆದುಬಿಡಿ. ಒಡವೆ ಮೊದಲೇ ಸೋಪಿನಲ್ಲಿ ತೊಳೆದಿರಬೇಕು, ಬೆರಳಚ್ಚು ಇದ್ದಲ್ಲಿ ಕಲೆ ಕಲೆಯಾಗಿ ಬರುತ್ತದೆ. ಕೊನೆಗೆ ಉಬ್ಬಿದ ಭಾಗ ಮಾತ್ರ ಬಟ್ಟೆಯಲ್ಲಿ ಉಜ್ಜಿ ಬೆಳ್ಳಗೆ ಮಾಡಿ, ತಗ್ಗಿನ ಕಪ್ಪು ಹಾಗೇ ಬಿಟ್ಟು ತೆಳ್ಳಗೆ ಜೇನುಮೇಣ ಸವರಿ. ಉಂಗುರದಲ್ಲಿ ಈ ಕಪ್ಪು ಜಾಸ್ತಿ ದಿನ ನಿಲ್ಲುವುದಿಲ್ಲ, ಪದಕಕ್ಕೆ ಆಗಬಹುದು.