ಗೀಸರ್ ಬಿಚ್ಚುವ ಮೊದಲು ಬಕೆಟ್ ಹಿಡಿಯಿರಿ

ಟ್ಯಾಂಕ್ ಇಲ್ಲದ, ನಲ್ಲಿ ತಿರುಗಿಸಿದೊಡನೆ ನೀರು ಕಾಯಿಸಿಕೊಡುವ ಗ್ಯಾಸ್ ಗೀಸರ್ ಕುರಿತು ಓದುಗರು ಕೇಳಿದ ಪ್ರಶ್ನೆಗಳಿಗೆ ಈ ಸಲ ಉತ್ತರ.

ಪ್ರಶ್ನೆ: ನೆಲಮಹಡಿಯ ಗೀಸರ್ ಚೆನ್ನಾಗಿ ಹೊತ್ತಿಕೊಳ್ಳುತ್ತದೆ. ಮೇಲಿನ ಮಹಡಿಗೂ ಅದೇ ಮಾದರಿಯದನ್ನು ಹಾಕಿಸಿದೆವು. ನಲ್ಲಿ ಪೂರ್ತಿ ಬಿಟ್ಟರೂ ಕಿಡಿಯ ಸದ್ದೇ ಇಲ್ಲ. ಹೊಸದೇ ಕೆಟ್ಟಿದೆಯೆ?

ಉತ್ತರ: ಕೆಟ್ಟಿರುವ ಸಾಧ್ಯತೆ ಕಡಿಮೆ. ಈ ಬಗೆಯ ಗೀಸರಿಗೆ ನೀರಿನ ಹರಿವೇ ಸ್ವಿಚ್ಚು. ಒಳಬರುವ ನೀರು ಡಯಾಫ್ರಮ್ ಎಂಬ ರಬ್ಬರ್ ಪೊರೆಯನ್ನು ತಳ್ಳಬೇಕು, ಅದು ಸಣ್ಣ ಕಡ್ಡಿಯೊಂದನ್ನು ಸರಿಸಬೇಕು, ಆ ಕಡ್ಡಿ ಮೈಕ್ರೋಸ್ವಿಚ್ಚನ್ನು ಮುಟ್ಟಬೇಕು. ಕಿಡಿ ಹಾರುವುದು ಅದಾದ ಮೇಲೆ. ಡಯಾಫ್ರಮ್ ಬದಲು ತಿರುಗುವ ಪುಟ್ಟ ಚಕ್ರವಿರುವ ಮಾದರಿಗಳಿಗೂ ಇದೇ ಲೆಕ್ಕ. ನಿಮಿಷಕ್ಕೆ ಸುಮಾರು 2.5ರಿಂದ 3 ಲೀಟರ್ ನೀರು ಹರಿಯದಿದ್ದರೆ ಹೆಚ್ಚಿನ ಗೀಸರ್‌ಗಳು ಮಿಸುಕುವುದೇ ಇಲ್ಲ.

ಹಾಗಾಗಿ ಸ್ಕ್ರೂಡ್ರೈವರ್ ಕೈಗೆತ್ತಿಕೊಳ್ಳುವ ಮೊದಲು ಹರಿವನ್ನು ಅಳೆಯಿರಿ. ಬಿಸಿನೀರಿನ ನಲ್ಲಿಯ ಕೆಳಗೆ 10 ಲೀಟರ್ ಬಕೆಟ್ ಇಟ್ಟು ಗಡಿಯಾರ ನೋಡಿ. ತುಂಬಲು 4 ನಿಮಿಷ ಹಿಡಿದರೆ ಹರಿವು ನಿಮಿಷಕ್ಕೆ 2.5 ಲೀಟರ್, ಅಂದರೆ ಅಂಚಿನಲ್ಲಿದ್ದೀರಿ. ಪಕ್ಕದ ತಣ್ಣೀರು ನಲ್ಲಿಯಲ್ಲೂ ಇದನ್ನೇ ಮಾಡಿ. ಎರಡೂ ನಿಧಾನವಾದರೆ ತೊಟ್ಟಿಯ ಎತ್ತರ ಸಾಲದು: ಶವರಿಗಿಂತ 2 ಮೀಟರ್ ಮೇಲಿರುವ ತೊಟ್ಟಿ ಕೊಡುವ ಒತ್ತಡ ಬರೀ 0.2 ಬಾರ್. ಮೇಲಿನ ಮಹಡಿಗೆ ಸಾಮಾನ್ಯವಾಗಿ ಇದೇ ತೊಂದರೆ. ತೊಟ್ಟಿಯನ್ನು ಎತ್ತರಿಸಬೇಕು, ದಪ್ಪ ಪೈಪ್ ಎಳೆಸಬೇಕು, ಇಲ್ಲವೇ ಸಣ್ಣ ಪ್ರೆಷರ್ ಪಂಪ್ ಹಾಕಿಸಬೇಕು. ತಣ್ಣೀರು ಜೋರಾಗಿದ್ದು ಬಿಸಿನೀರಿನ ಸಾಲು ಮಾತ್ರ ಸೊರಗಿದ್ದರೆ ಅಡ್ಡಿ ಆ ಸಾಲಿನಲ್ಲೇ ಇದೆ. ಮೊದಲು ಶವರ್ ತಲೆ ಬಿಚ್ಚಿ ನೋಡಿ. ಆಮೇಲೆ ಗೀಸರಿಗೆ ತಣ್ಣೀರು ಸೇರುವ ಬಾಯಲ್ಲಿರುವ ಜಾಲರಿಯನ್ನು ಹೊರತೆಗೆದು ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತೊಳೆಯಿರಿ. ಹೊಸ ಪೈಪ್ ಕೆಲಸ ಆದ ಮನೆಯಲ್ಲಿ ಪ್ಲಾಸ್ಟಿಕ್ ಚೂರು, ಟೆಫ್ಲಾನ್ ಟೇಪಿನ ಎಳೆ ಅಲ್ಲೇ ಸಿಕ್ಕಿಕೊಂಡಿರುತ್ತವೆ.

ಹರಿವು ಸಾಕಷ್ಟಿದ್ದೂ ಕಿಡಿಯ ಸದ್ದಿಲ್ಲವೆಂದರೆ ಮಾತ್ರ ಸೆಲ್ ನೋಡಿ, ಆಮೇಲೆ ಡಯಾಫ್ರಮ್. ರಬ್ಬರ್ ಗಟ್ಟಿಯಾಗಿದ್ದರೂ ಸೂಜಿಮೊನೆಯಷ್ಟು ಹರಿದಿದ್ದರೂ ಕಡ್ಡಿ ಸರಿಯುವುದಿಲ್ಲ.

ಪ್ರಶ್ನೆ: ಮೂರು ವರ್ಷದ ಗೀಸರ್. ನೀರು ಉಗುರುಬೆಚ್ಚಗಷ್ಟೇ ಬರುತ್ತದೆ, ಹರಿವೂ ಇಳಿದಿದೆ, ಒಳಗೆ ಕುದಿಯುವ ಹಾಗೆ ಗೊರಗೊರ ಸದ್ದು. ಬೋರ್‌ವೆಲ್ ನೀರು ಬಳಸುತ್ತೇವೆ. ಮನೆಯಲ್ಲೇ ಸರಿಮಾಡಬಹುದೆ?

ಉತ್ತರ: ಇದು ಸುಣ್ಣ ಕಟ್ಟಿದ ಲಕ್ಷಣ. ಗಡಸು ನೀರು ಕಾದಾಗ ಅದರಲ್ಲಿ ಕರಗಿದ್ದ ಕ್ಯಾಲ್ಸಿಯಂ, ಕಾರ್ಬೊನೇಟ್ ಆಗಿ ತಾಮ್ರದ ಸುರುಳಿಯ ಒಳಮೈಗೆ ಅಂಟುತ್ತದೆ. ಆ ಪದರ ಶಾಖವನ್ನು ನೀರಿಗೆ ಬಿಡದು. ತಾಮ್ರ ವಿಪರೀತ ಕಾಯುತ್ತದೆ, ಅದಕ್ಕೆ ತಾಗಿದ ನೀರು ಅಲ್ಲಲ್ಲೇ ಆವಿಯಾಗಿ ಸಿಡಿಯುತ್ತದೆ. ನೀವು ಕೇಳುತ್ತಿರುವ ಸದ್ದು ಅದೇ. ಹೀಗೇ ಬಿಟ್ಟರೆ ಸುರುಳಿ ತೂತಾಗುತ್ತದೆ.

ತೊಳೆಯುವುದನ್ನು ನೀವೇ ಮಾಡಬಹುದು. ಬೇಕಾದ್ದು ಸಣ್ಣ ಸಬ್‌ಮರ್ಸಿಬಲ್ ಪಂಪ್, ಎರಡು ಹೋಸ್ ಪೈಪ್, ಒಂದು ಪ್ಲಾಸ್ಟಿಕ್ ಬಕೆಟ್, 10 ಲೀಟರ್ ನೀರು, ಅದರಲ್ಲಿ ಕರಗಿಸಲು ಅರ್ಧ ಕಿಲೋ ಸಿಟ್ರಿಕ್ ಆ್ಯಸಿಡ್ ಪುಡಿ. ಪುಡಿಯ ಬದಲು ನೀರು ಬೆರೆಸದ ಬಿಳಿ ವಿನಿಗರ್ ಆದೀತು, ತುಸು ನಿಧಾನ. ಗ್ಯಾಸ್ ವಾಲ್ವ್ ಮುಚ್ಚಿ, ಸೆಲ್ ತೆಗೆಯಿರಿ ಅಥವಾ ಪ್ಲಗ್ ಕೀಳಿ. ಈ ಕೆಲಸದ ನಡುವೆ ಬರ್ನರ್ ಹೊತ್ತಲೇಕೂಡದು. ತಣ್ಣೀರಿನ ವಾಲ್ವ್ ಮುಚ್ಚಿ, ಬಿಸಿನೀರಿನ ನಲ್ಲಿ ತೆರೆದು ಒಳಗಿನ ಒತ್ತಡ ಬಿಟ್ಟುಬಿಡಿ. ಎರಡೂ ಕಡೆಯ ಪೈಪ್ ಬಿಚ್ಚಿ, ಪಂಪಿನ ಹೋಸ್ ತಣ್ಣೀರಿನ ಬಾಯಿಗೆ, ಇನ್ನೊಂದನ್ನು ಬಿಸಿನೀರಿನ ಬಾಯಿಯಿಂದ ಮತ್ತೆ ಬಕೆಟ್ಟಿಗೆ ಸೇರಿಸಿ. 45 ನಿಮಿಷದಿಂದ ಒಂದು ಗಂಟೆ ದ್ರಾವಣ ಸುತ್ತುತ್ತಿರಲಿ. ವಾಪಸು ಬರುವ ನೀರಿನಲ್ಲಿ ನೊರೆಗುಳ್ಳೆ ಏಳುತ್ತಿದ್ದರೆ ಸುಣ್ಣ ಇನ್ನೂ ಕರಗುತ್ತಿದೆ ಎಂದರ್ಥ. ಗುಳ್ಳೆ ಬೇಗ ನಿಂತುಹೋಗಿ ಹರಿವು ಮಾತ್ರ ಸುಧಾರಿಸದಿದ್ದರೆ ದ್ರಾವಣದ ಕಸುವು ಮುಗಿದಿದೆ, ಹೊಸದು ಮಾಡಿಕೊಳ್ಳಿ. ಕೊನೆಗೆ ಹತ್ತು ನಿಮಿಷ ಶುದ್ಧ ನೀರು ಹಾಯಿಸಿ, ಜಾಲರಿ ತೊಳೆದು ಹಾಕಿ, ಹೊಸ ವಾಷರ್ ಇಟ್ಟು ಪೈಪ್ ಬಿಗಿ ಮಾಡಿ. ಪ್ಲಂಬರ್ ಬಂದಾಗಲೇ ಎರಡೂ ಕಡೆ ಟಿ (ಮೂರು ಬಾಯಿಯ ಪೈಪ್ ತುಂಡು) ಜೋಡಿಸಿ ವಾಲ್ವ್ ಹಾಕಿಸಿಕೊಂಡರೆ ಮುಂದಿನ ಸಲ ಪೈಪ್ ಬಿಚ್ಚುವ ಗೋಜಿಲ್ಲ.

ಶೌಚಾಲಯ ತೊಳೆಯುವ ಆ್ಯಸಿಡ್ ಬೇಡವೇ ಬೇಡ. ಅದು ಹೈಡ್ರೋಕ್ಲೋರಿಕ್ ಆಮ್ಲ. ಸುಣ್ಣದ ಜೊತೆಗೆ ಲೋಹವನ್ನೂ ಬೆಸುಗೆಯನ್ನೂ ತಿನ್ನುತ್ತದೆ. ತೊಳೆದ ಮೇಲೆ ಎಲ್ಲಾದರೂ ಸೋರತೊಡಗಿದರೆ ತೂತು ಮೊದಲೇ ಇತ್ತು, ಸುಣ್ಣ ಅದನ್ನು ಮುಚ್ಚಿತ್ತು ಎಂದೇ ತಿಳಿಯಿರಿ. ಲೀಟರಿಗೆ 200 ಮಿಲಿಗ್ರಾಂ ದಾಟಿದ ಗಡಸುತನವಿದ್ದರೆ ವರ್ಷಕ್ಕೊಮ್ಮೆಯಾದರೂ ತೊಳೆಯಬೇಕು. ತಾಪಮಾನ ಗೊತ್ತುಮಾಡುವ ಸೌಲಭ್ಯವಿದ್ದರೆ 60 ಡಿಗ್ರಿಗೆ ಇಡಬೇಡಿ. ಸ್ನಾನಕ್ಕೆ 42 ಸಾಕು, ಸುಣ್ಣವೂ ಕಡಿಮೆ ಕಟ್ಟುತ್ತದೆ.

ಒಂದು ಎಚ್ಚರಿಕೆ: ಸದ್ದಿಲ್ಲದೆ, ಹರಿವೂ ಇಳಿಯದೆ ನೀರು ಉಗುರುಬೆಚ್ಚಗಷ್ಟೇ ಬಂದರೆ ಅದು ಸುಣ್ಣವಲ್ಲದಿರಬಹುದು, ಗೀಸರಿನ ಶಕ್ತಿಗೆ ಹರಿವು ಹೆಚ್ಚಾಗಿದೆಯೇ ಎಂದು ಲೆಕ್ಕ ಹಾಕಿ. ನಿಮಿಷಕ್ಕೆಷ್ಟು ಲೀಟರ್ ಎಂಬುದನ್ನು ಏರಬೇಕಾದ ಡಿಗ್ರಿಯಿಂದ ಗುಣಿಸಿ, 0.07ರಿಂದ ಮತ್ತೆ ಗುಣಿಸಿದರೆ ಬೇಕಾದ ಕಿಲೋವ್ಯಾಟ್ ಸಿಗುತ್ತದೆ. 6 ಲೀಟರ್ ನೀರನ್ನು 25 ಡಿಗ್ರಿ ಏರಿಸಲು 10.5 ಕಿಲೋವ್ಯಾಟ್. ಅಷ್ಟೇ ಶಕ್ತಿಯ ಗೀಸರಿನಲ್ಲಿ 9 ಲೀಟರ್ ಹರಿಸಿದರೆ ಏರುವುದು 17 ಡಿಗ್ರಿಗೂ ಕಡಿಮೆ. ಆಗ ನಲ್ಲಿಯನ್ನು ಸ್ವಲ್ಪ ಮುಚ್ಚುವುದೇ ರಿಪೇರಿ.

ಪ್ರಶ್ನೆ: ಹೊತ್ತಿಕೊಂಡ ಐದಾರು ಸೆಕೆಂಡಿಗೆ ಆರಿಹೋಗುತ್ತದೆ. ನಲ್ಲಿ ಮುಚ್ಚಿ ತೆರೆದರೆ ಮತ್ತೆ ಹೊತ್ತುತ್ತದೆ, ಮತ್ತೆ ಆರುತ್ತದೆ.

ಉತ್ತರ: ಹೊತ್ತುತ್ತದೆ ಎಂದ ಮೇಲೆ ನೀರು, ಗ್ಯಾಸ್, ಕಿಡಿ ಮೂರೂ ಬರುತ್ತಿವೆ. ಬೆಂಕಿ ಇದೆ ಎಂಬ ಸುದ್ದಿ ಸರ್ಕ್ಯೂಟಿಗೆ ತಲುಪುತ್ತಿಲ್ಲ, ಅಷ್ಟೇ. ಬರ್ನರ್ ಮೇಲೆ ಚಾಚಿಕೊಂಡಿರುವ ಲೋಹದ ಕಡ್ಡಿಯೊಂದು ಜ್ವಾಲೆಯ ಮೂಲಕ ಹರಿಯುವ ಕೆಲವೇ ಮೈಕ್ರೋಆಂಪಿಯರ್ ವಿದ್ಯುತ್ತನ್ನು ಹಿಡಿಯುತ್ತದೆ. ಅದರ ಮೇಲೆ ಮಸಿಯೋ ಕಿಲುಬೋ ಕೂತರೆ ವಿದ್ಯುತ್ ಹರಿಯದು, ಗೀಸರ್ ಹೆದರಿ ಗ್ಯಾಸ್ ಮುಚ್ಚುತ್ತದೆ. ಗ್ಯಾಸ್ ಬಂದ್ ಮಾಡಿ, ಮುಚ್ಚಳ ತೆಗೆದು, ಕಡ್ಡಿಯನ್ನು ನಯವಾದ ಎಮರಿ ಕಾಗದದಿಂದ ಹಗುರವಾಗಿ ಉಜ್ಜಿ. ಬಗ್ಗಿಸಬೇಡಿ. ಅದರ ಬುಡದ ಪಿಂಗಾಣಿ ಸೀಳಿದ್ದರೆ ಕಡ್ಡಿಯನ್ನೇ ಬದಲಿಸಬೇಕು. ಸೊರಗಿದ ಸೆಲ್ಲಿನಿಂದಲೂ ಹೀಗಾಗುತ್ತದೆ: ಕಿಡಿ ಹಾರಿಸುವಷ್ಟು ಕಸುವಿದ್ದರೂ ಗ್ಯಾಸ್ ವಾಲ್ವನ್ನು ತೆರೆದು ಹಿಡಿಯುವಷ್ಟಿರದು. 1.5 ವೋಲ್ಟಿನ ಎರಡು ದಪ್ಪ ಸೆಲ್ಲುಗಳನ್ನು ಒಟ್ಟಿಗೇ ಬದಲಿಸಿ, ಹಳೆಯದೊಂದು ಹೊಸದೊಂದು ಬೇಡ.

ಅಂದಹಾಗೆ, ಸರಿಯಾಗಿ 20 ನಿಮಿಷಕ್ಕೆ ಆರುವ ಗೀಸರ್ ಕೆಟ್ಟಿಲ್ಲ. ಹಲವು ಮಾದರಿಗಳಲ್ಲಿ ಸುರಕ್ಷತೆಗೆಂದು ಆ ಗಡುವು ಇಟ್ಟಿರುತ್ತಾರೆ. ಅದನ್ನು ತಪ್ಪಿಸುವ ಉಪಾಯ ಯಾರಾದರೂ ಹೇಳಿಕೊಟ್ಟರೆ ಕೇಳಬೇಡಿ. ಕಾರಣ ಮುಂದಿನ ಉತ್ತರದಲ್ಲಿದೆ.

ಪ್ರಶ್ನೆ: ಸ್ನಾನ ಮುಗಿಯುವಷ್ಟರಲ್ಲಿ ಅಮ್ಮನಿಗೆ ತಲೆನೋವು, ವಾಕರಿಕೆ. ಗೀಸರ್ ಬಚ್ಚಲುಮನೆಯೊಳಗೇ ಇದೆ. ಗ್ಯಾಸ್ ವಾಸನೆಯೇನೂ ಇಲ್ಲ.

ಉತ್ತರ: ಇಂದಿನಿಂದಲೇ ಆ ಗೀಸರ್ ಹೊತ್ತಿಸುವುದನ್ನು ನಿಲ್ಲಿಸಿ, ತಾಯಿಯವರನ್ನು ವೈದ್ಯರಿಗೆ ತೋರಿಸಿ. ವಾಸನೆ ಇಲ್ಲ ಎಂಬುದು ಸಮಾಧಾನದ ಮಾತಲ್ಲ. ವಾಸನೆ ಬೆರೆಸಿರುವುದು ಉರಿಯದ ಗ್ಯಾಸಿಗೆ. ಅರೆಬರೆ ಉರಿದಾಗ ಹುಟ್ಟುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟುತ್ತದೆ. 12 ಕಿಲೋವ್ಯಾಟ್ ಬರ್ನರ್ 15 ನಿಮಿಷ ಉರಿಯಲು ಸುಮಾರು 3 ಘನ ಮೀಟರ್ ಗಾಳಿ ಬೇಕು. ಒಂದೂವರೆ ಮೀಟರ್ ಅಗಲ, 2 ಮೀಟರ್ ಉದ್ದ, ಎರಡೂವರೆ ಮೀಟರ್ ಎತ್ತರದ ಬಚ್ಚಲಿನಲ್ಲಿ ಇರುವುದೇ ಏಳೂವರೆ ಘನ ಮೀಟರ್. ಬಾಗಿಲು ಮುಚ್ಚಿದ ಮೇಲೆ ಗೀಸರೂ ಸ್ನಾನ ಮಾಡುವವರೂ ಹಂಚಿಕೊಳ್ಳುವುದು ಇದನ್ನೇ.

ಗೀಸರನ್ನು ಗಾಳಿಯಾಡುವ ಹೊರಗೋಡೆಗೆ ಸಾಗಿಸಿ, ಬಿಸಿನೀರಿನ ಪೈಪ್ ಮಾತ್ರ ಒಳಗೆ ತನ್ನಿ. ಎಕ್ಸಾಸ್ಟ್ ಫ್ಯಾನ್ ಇದಕ್ಕೆ ಪರ್ಯಾಯವಲ್ಲ. ಹೊಗೆ ಕೊಳವೆ ಇರುವ ಕಡೆ ಫ್ಯಾನ್ ಆ ಹೊಗೆಯನ್ನೇ ಒಳಕ್ಕೆ ಎಳೆದುಕೊಳ್ಳಬಹುದು. ಹೊರಗಿಟ್ಟ ಮೇಲೂ ಜ್ವಾಲೆಯ ಮೇಲೆ ಕಣ್ಣಿರಲಿ. ನೀಲಿ ಸರಿ. ಹಳದಿ ನಾಲಗೆ ಚಾಚುತ್ತಿದ್ದರೆ ಬರ್ನರಿನ ಗಾಳಿದಾರಿಯಲ್ಲಿ ದೂಳೋ ಜೇಡರಬಲೆಯೋ ಇದೆ, ಇಲ್ಲವೇ ಸುರುಳಿಯ ತಗಡುಗಳ ನಡುವೆ ಮಸಿ ತುಂಬಿದೆ. ಈ ಕೆಲಸ ಗ್ಯಾಸ್ ಮೆಕ್ಯಾನಿಕ್‌ಗೆ ಬಿಡಿ.

ಪ್ರಶ್ನೆ: ಬೇಸಿಗೆಯಲ್ಲಿ ಮಾತ್ರ ಕಾಟ. ನೀರು ಸುಡುತ್ತದೆ, ತಣ್ಣೀರು ಬೆರೆಸಿದರೆ ಗೀಸರ್ ಆರುತ್ತದೆ.

ಉತ್ತರ: ಶವರಿನಲ್ಲಿ ತಣ್ಣೀರು ಬೆರೆತಷ್ಟೂ ಗೀಸರಿನೊಳಗೆ ಹರಿಯುವ ನೀರು ಕಡಿಮೆಯಾಗುತ್ತದೆ, 2.5 ಲೀಟರಿಗಿಂತ ಕೆಳಗಿಳಿದರೆ ಆರುತ್ತದೆ. ಬೆರೆಸುವ ಬದಲು ಗ್ಯಾಸ್ ಗುಂಡಿಯನ್ನು ಕನಿಷ್ಠಕ್ಕೆ, ನೀರಿನ ಗುಂಡಿಯನ್ನು ಗರಿಷ್ಠಕ್ಕೆ ತಿರುಗಿಸಿ, ಬಿಸಿನೀರಿನ ನಲ್ಲಿಯೊಂದನ್ನೇ ಬಳಸಿ.