ಸಿಒಪಿಡಿ ಇರುವವರಿಗೆ ತುಟಿ ಕಿರಿದು ಮಾಡಿ ಉಸಿರು ಬಿಡಲು ಹೇಳುವುದೇಕೆ?

ಶ್ವಾಸನಾಳಗಳು ಕಾಯಂ ಆಗಿ ಕಿರಿದಾಗುವ ಸಿಒಪಿಡಿಯಲ್ಲಿ ಮುಖ್ಯ ತೊಂದರೆ ಇರುವುದು ಉಸಿರನ್ನು ಒಳಗೆ ಎಳೆದುಕೊಳ್ಳುವುದಕ್ಕಿಂತ ಹೊರಗೆ ಬಿಡುವುದರಲ್ಲಿ. ಕಿರಿದಾದ ತುಟಿಗಳ ನಡುವೆ ನಿಧಾನವಾಗಿ ಬಿಟ್ಟಾಗ ಸಣ್ಣ ನಾಳಗಳು ಅರ್ಧದಲ್ಲೇ ಮುಚ್ಚಿಕೊಳ್ಳದೆ ಹೆಚ್ಚು ಗಾಳಿ ಹೊರಬರುತ್ತದೆ.

ಆರೋಗ್ಯವಂತ ಶ್ವಾಸಕೋಶದಲ್ಲಿ ಈ ನಾಳಗಳನ್ನು ಸುತ್ತಲಿನ ಎಳೆತವುಳ್ಳ ಅಂಗಾಂಶವು, ಡೇರೆಯನ್ನು ಹಗ್ಗಗಳು ಬಿಗಿದು ನಿಲ್ಲಿಸುವಂತೆ, ಎಲ್ಲ ಕಡೆಯಿಂದ ಎಳೆದು ತೆರೆದಿಟ್ಟಿರುತ್ತದೆ. ವರ್ಷಗಟ್ಟಲೆ ಬೀಡಿ, ಸಿಗರೇಟು ಅಥವಾ ಸೌದೆ ಒಲೆಯ ಹೊಗೆ ಕುಡಿದ ಶ್ವಾಸಕೋಶದಲ್ಲಿ ಆ ಹಗ್ಗಗಳು ಸಡಿಲವಾಗಿರುವುದರಿಂದ, ಬಲವಂತವಾಗಿ ಉಸಿರು ಬಿಟ್ಟಷ್ಟೂ ಎದೆಯೊಳಗಿನ ಒತ್ತಡವೇ ನಾಳಗಳನ್ನು ಹಿಸುಕಿ ಗಾಳಿಯನ್ನು ಒಳಗೆ ಸಿಕ್ಕಿಸಿಬಿಡುತ್ತದೆ. ಹಳೆಯ ಗಾಳಿ ಹೋಗದೆ ಹೊಸದಕ್ಕೆ ಜಾಗವೆಲ್ಲಿ? ತುಟಿಯಲ್ಲಿ ಒಡ್ಡಿದ ತಡೆಯು ನಾಳಗಳೊಳಗೆ ತುಸು ಒತ್ತಡವನ್ನು ಉಳಿಸಿ ಅವು ಕುಸಿಯದಂತೆ ನೋಡಿಕೊಳ್ಳುತ್ತದೆ.

ಮೂಗಿನಿಂದ 2 ಎಣಿಸುವಷ್ಟು ಹೊತ್ತು ಎಳೆದುಕೊಂಡು, ಬಿಸಿ ಕಾಫಿಯನ್ನು ಆರಿಸುವವರಂತೆ ತುಟಿ ಮಾಡಿ 4 ಎಣಿಸುವಷ್ಟು ಹೊತ್ತು ಬಿಡಬೇಕು. ಕೆನ್ನೆ ಉಬ್ಬಿಸಿ ಬಲೂನು ಊದುವಂತೆ ಊದಿದರೆ ಮೊದಲಿನ ತೊಂದರೆಯೇ ಮರಳುತ್ತದೆ. ಮೆಟ್ಟಿಲು ಹತ್ತುವಾಗ, ಬಗ್ಗಿ ಕೊಡ ಎತ್ತುವಾಗ, ಶ್ರಮದ ಕ್ಷಣಕ್ಕೆ ಸರಿಯಾಗಿ ಉಸಿರು ಬಿಡುವುದನ್ನು ರೂಢಿಸಿಕೊಂಡರೆ ಪ್ರಯೋಜನ ಹೆಚ್ಚು.

ಆದರೆ ಇದು ಇನ್‌ಹೇಲರ್‌ಗೆ ಬದಲಿಯಲ್ಲ. ನಾಳದ ಸುತ್ತಲಿನ ಸ್ನಾಯುವನ್ನು ಸಡಿಲಿಸುವುದು ಔಷಧದ ಕೆಲಸ. ಕಾಯಿಲೆ ಮುಂದುವರಿಯುವ ವೇಗವನ್ನು ತಗ್ಗಿಸಲು, ಸೇದುವವರ ಮಟ್ಟಿಗೆ, ಬೀಡಿ ಸಿಗರೇಟು ಬಿಡುವುದಕ್ಕೆ ಸಮನಾದದ್ದು ಬೇರೊಂದಿಲ್ಲ. ತುಟಿ ನೀಲಿಗಟ್ಟಿದರೆ ಅಥವಾ ರೋಗಿ ಮಂಪರಿಗೆ ಜಾರುತ್ತಿದ್ದರೆ ಈ ಅಭ್ಯಾಸದಲ್ಲಿ ಹೊತ್ತು ಕಳೆಯದೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಬೇಕು.